ಮರುತೂಕ

ನನ್ನ ಹೆಸರನ್ನು ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ನಾನು ನೋಡಿದ್ದು ಅದೇ ಮೊದಲು. ಕೋಲಾರದ ಸಂಶೋಧನಾ ಕೇಂದ್ರದ ಮೀಟಿಂಗ್ ಹಾಲು, ಪ್ರೊಜೆಕ್ಟರಿನ ನೀಲಿ ಬೆಳಕು, ಅದರೊಳಗೆ ಮೊಳದುದ್ದದ ಅಕ್ಷರಗಳಲ್ಲಿ ‘ಅಜ್ರಾ’. ಕೆಳಗೆ, ನಾನು ಬರೆದ ತೂಕಗಳ ಕಡೆಯ ಅಂಕಿ ಯಾವುದೆಂದು ತೋರಿಸುವ ಎರಡು ಕಂಬ. ಒಂದು ಸೊನ್ನೆಯ ಮೇಲೆ, ಇನ್ನೊಂದು ಐದರ ಮೇಲೆ. ಮಿಕ್ಕ ಎಂಟು ಅಂಕಿಗಳ ಮೇಲೆ ಖಾಲಿ.

“ನೋಡಿ,” ಎಂದ ಉಮೇಶ್. ಅವನು ನಮ್ಮ ಫೀಲ್ಡ್ ಸೂಪರ್‌ವೈಸರ್. ಕೈಯಲ್ಲಿ ಕೆಂಪು ಚುಕ್ಕಿ ಬಿಡುವ ಕಡ್ಡಿ. “ಎಂಬತ್ತೇಳು ಮಕ್ಕಳು. ಒಂದಾದ್ರೂ ಎಂಟೂ ಮುನ್ನೂರು, ಒಂಬತ್ತೂ ಇನ್ನೂರು ತೂಗಬೇಕಲ್ವಾ? ಎಲ್ಲಾ ಪೂರ್ತಿ, ಇಲ್ಲಾ ಅರ್ಧ: ಎಂಟು, ಎಂಟೂವರೆ, ಒಂಬತ್ತು. ಶ್ರೀನಿವಾಸಪುರದ ಕಡೆ ದೇವರು ಮಕ್ಕಳನ್ನ ಅರ್ಧರ್ಧ ಕೇಜಿ ಪ್ಯಾಕೆಟ್ ಮಾಡಿ ಕಳಿಸ್ತಾನೇನೋ.”

ನಗು ಎದ್ದಿತು. ನನ್ನ ಜೊತೆ ಒಂದೇ ಬಿಸ್ಕತ್ತು ಮುರಿದುಕೊಂಡು ತಿಂದ ಹುಡುಗಿಯರೂ ನಕ್ಕರು.

“ತೂಗಿದೀನಿ ಸರ್,” ಎಂದೆ.

“ತೂಗಿದೀಯಾ, ಗಾಳೀನ ತೂಗಿದೀಯಾ. ನಾನು ಮರುತೂಕ ಮಾಡಿದ ಇಪ್ಪತ್ತೊಂಬತ್ತರಲ್ಲಿ ಒಂದೂ ನಿನ್ನ ಅಂಕಿಗೆ ಹೊಂದಲಿಲ್ಲವಲ್ಲಮ್ಮ. ಯಾಕೆ?”

ಮರುತೂಕವೆಂದರೆ ಇಷ್ಟೆ. ನಮ್ಮಂಥವರು ಹಳ್ಳಿಗೆ ಹೋಗಿ ಮೂರು ವರ್ಷದೊಳಗಿನ ಮಕ್ಕಳನ್ನು ತೂಗಿ ಬರೆದುಕೊಂಡು ಬಂದ ಮೇಲೆ, ವಾರದೊಳಗೆ ಸೂಪರ್‌ವೈಸರ್ ನಮಗೆ ಹೇಳದೆ ಹೋಗಿ ಮೂವರಲ್ಲಿ ಒಬ್ಬರನ್ನು ಮತ್ತೆ ತೂಗಬೇಕು. ಅವನ ಅಂಕಿ ನನ್ನದರ ಪಕ್ಕದ ಕಾಲಂನಲ್ಲಿ ಕೂರುತ್ತದೆ. ನನ್ನದು ಎಂಟೂವರೆ, ಅವನದು ಎಂಟೂ ಆರುನೂರ ಇಪ್ಪತ್ತು. ನನ್ನದು ಒಂಬತ್ತು, ಅವನದು ಎಂಟೂ ಎಂಟುನೂರ ಎಪ್ಪತ್ತು.

ಪ್ರಾಜೆಕ್ಟಿನ ಮುಖ್ಯಸ್ಥೆ ಡಾಕ್ಟರ್ ಶಾಮಲಮ್ಮ ನನ್ನ ಮುಖವನ್ನೇ ನೋಡಿದರು. ನಾನು ಮತ್ತೆ ಬಾಯಿ ತೆರೆಯಲಿಲ್ಲ. ತೆರೆಯದೆ ಇರುವುದಕ್ಕೆ ಕಾರಣವಿತ್ತು. ಅಳತೆ ಮಾಡುವವಳು ತಕ್ಕಡಿಯ ಪರದೆಯ ಮೇಲಿನ ಅಂಕಿಯನ್ನು ತನ್ನ ಕಣ್ಣಿನಿಂದಲೇ ನೋಡಿ ಬರೆಯಬೇಕು ಎಂದು ನಮಗೆ ಕೊಟ್ಟ ಪುಸ್ತಕದ ನಾಲ್ಕನೇ ಪುಟದಲ್ಲಿ ದಪ್ಪಕ್ಷರದಲ್ಲಿತ್ತು. ನಾನು ನೋಡಿರಲಿಲ್ಲ. ಎಂಬತ್ತೇಳರಲ್ಲಿ ಒಂದನ್ನೂ ನೋಡಿರಲಿಲ್ಲ.

ಆ ಮೂರು ಹಳ್ಳಿಗೂ ಅಂಗನವಾಡಿ ಟೀಚರ್ ಒಬ್ಬರೇ, ವೆಂಕಟರತ್ನಮ್ಮ. ತೊಲೆಗೆ ತಕ್ಕಡಿ ನೇತುಹಾಕಿ, ಜೋಲಿಯಲ್ಲಿ ಮಗುವನ್ನು ಕೂರಿಸಿದರೆ ಕೆಂಪು ಅಂಕಿಗಳು ಊರಿಗೆಲ್ಲ ಕಾಣುವ ಹಾಗೆ ಉರಿಯುತ್ತಿದ್ದವು. ಮೊದಲ ದಿನ ಬಾಗಿಲಲ್ಲಿ ನಿಂತಿದ್ದ ತಾಯಂದಿರು ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ವಾಪಸ್ಸು ಹೊರಟರು. ಮಗುವಿನ ತೂಕವನ್ನು ನಾಲ್ಕು ಜನರ ಮುಂದೆ ತೋರಿಸಿದರೆ ದೃಷ್ಟಿ ತಗಲದೆ ಇರುತ್ತದೆಯೇ? ನಮ್ಮ ಮನೆಯಲ್ಲೂ ಹಾಗೆಯೇ, ಹೆಸರು ಮಾತ್ರ ನಜರ್. ಆಗ ವೆಂಕಟರತ್ನಮ್ಮ ಮುಂದೆ ಬಂದು ತಮ್ಮ ಸೆರಗನ್ನು ತಕ್ಕಡಿಯ ಪರದೆಯ ಮೇಲೆ ಹಾಕಿ, ಅದರೊಳಗೆ ಇಣುಕಿ, “ಎಂಟೂವರೆ, ಥೂ ಥೂ,” ಎಂದರು. ನಾನು ಎಂಟೂವರೆ ಎಂದು ಬರೆದುಕೊಂಡೆ. ಹೊರಟಿದ್ದ ತಾಯಂದಿರು ಹಿಂದಿರುಗಿದರು. ಟೀಚರಿಗೆ ಕಣ್ಣು ಮಂಜು, ಹತ್ತಿರದ ಅರ್ಧಕ್ಕೆ ಹೇಳುತ್ತಿದ್ದಾರೆ ಎಂದುಕೊಂಡು ಎಂಬತ್ತೇಳನ್ನೂ ಹಾಗೆಯೇ ಬರೆದೆ.

ಮೀಟಿಂಗ್ ಮುಗಿಯುವ ಮೊದಲೇ ನನ್ನ ಗುರುತಿನ ಕಾರ್ಡು ವಾಪಸ್ಸು ಪಡೆದರು. ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. ಆದರೆ ಮುಂದಿನ ತಿಂಗಳು ನಮ್ಮೂರು ಮುಳಬಾಗಿಲಿನಲ್ಲಿ ಇನ್ನೊಂದು ಸಂಸ್ಥೆಯವರು ನನ್ನನ್ನು ಸರ್ವೆಗೆ ಆರಿಸಿದ ಎರಡನೇ ದಿನವೇ ಬೇಡವೆಂದರು. ಕಾರಣ ಕೇಳಿದರೆ, “ಉಮೇಶ್ ಸರ್‌ನ ಕೇಳಿದ್ವಿ,” ಎಂದರು. ಅದಾದ ವಾರಕ್ಕೆ ಬೈಪಾಸಿನ ಬಳಿ ಲಾರಿ ಸೀಟು ಹೊಲಿಯುವ ನನ್ನ ಅಬ್ಬಾನ ಅಂಗಡಿಗೆ ಬಂದ ಒಬ್ಬ ಡ್ರೈವರ್, ರೆಕ್ಸಿನ್ ಅಳೆಯುತ್ತಿದ್ದ ನನ್ನನ್ನು ನೋಡಿ, “ಗೌಸಣ್ಣ, ಅಳತೆ ನೀನೇ ತಗೊಳಪ್ಪ. ನಿನ್ನ ಮಗಳು ಗಾಳಿ ತೂಗೋಳಂತೆ,” ಎಂದು ಹಲ್ಲು ಬಿಟ್ಟ. ಅವನ ತಂಗಿ ನಮ್ಮ ಪ್ರಾಜೆಕ್ಟಿನಲ್ಲಿದ್ದಳು.

ಅಬ್ಬಾ ಕತ್ತರಿ ನಿಲ್ಲಿಸಲಿಲ್ಲ. ಆದರೆ ಅವತ್ತು ಆ ಸೀಟು ಒಂದಂಗುಲ ಚಿಕ್ಕದಾಯಿತು.

ಗೋಡೆಯ ಮೇಲಿನ ಆ ಎರಡು ಕಂಬ ನನಗೆ ಅವಮಾನಕ್ಕಿಂತ ಹೆಚ್ಚಾಗಿ ಒಗಟಾಗಿತ್ತು. ಅದನ್ನು ಹೇಗೆ ಎಬ್ಬಿಸಿದರು? ಎಂಬತ್ತೇಳು ಅಂಕಿಗಳ ಬಾಲವನ್ನು ಮಾತ್ರ ಕತ್ತರಿಸಿ ನಿಲ್ಲಿಸುವುದು ಯಾವ ಕತ್ತರಿ? ಅದು ನನ್ನ ಕೈಗೂ ಬರಬೇಕು. ಬಂದ ದಿನ ಉಮೇಶನ ಇಪ್ಪತ್ತೊಂಬತ್ತನ್ನು ಅದೇ ಗೋಡೆಯ ಮೇಲೆ ಸುಲಿಯಬೇಕು. ನನ್ನ ಹೆಸರಿಗೆ ಮೆತ್ತಿದ ಸುಳ್ಳು ತೊಳೆದುಹೋಗಬೇಕು, ಅವನ ಹೆಸರಿಗೆ ಮೆತ್ತಿಕೊಳ್ಳಬೇಕು. ಎರಡೂ ಆಗಬೇಕು ಎಂದೇ ಆಗ ಅಂದುಕೊಂಡಿದ್ದೆ.

ಆ ಕಂಬಗಳನ್ನು ಎಬ್ಬಿಸಿದವನು ಕದಿರೇಶ್. ಕೇಂದ್ರದ ಕಂಪ್ಯೂಟರ್ ಕೆಲಸವೆಲ್ಲ ಅವನದು. ಮನೆ ಮಾಲೂರಿನಲ್ಲಿ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಹಿಂದೆ. ಒಂದು ಭಾನುವಾರ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತಾಗ ಅವನು ಲುಂಗಿಯಲ್ಲಿದ್ದ, ಒಂದು ಕೈಯಲ್ಲಿ ಹಲ್ಲುಜ್ಜುವ ಬ್ರಷ್.

“ಬೈಯೋಕೆ ಬಂದಿದ್ರೆ ಬಾಯಿ ತೊಳ್ಕೊಂಡು ಬರ್ತೀನಿ, ತಡಿ,” ಎಂದ.

“ಬೈಯೋಕಲ್ಲ ಕದಿರೇಶಣ್ಣ. ನನಗೆ ಮಾಡಿದ್ರಲ್ಲ, ಅದನ್ನ ಮಾಡೋದು ಹೇಗೆ ಅಂತ ಹೇಳ್ಕೊಡಿ.”

“ನಾನೇನ್ ಮಾಡ್ದೆ? ಕಡೇ ಅಂಕಿ ಎಣಿಸಿಕೊಡು ಅಂದ, ಎಣಿಸ್ಕೊಟ್ಟೆ. ಯಾರ ತಲೆ ಮೇಲೆ ಇಡ್ತಾನೆ ಅಂತ ನನಗೇನು ಗೊತ್ತು?”

“ಹೆಸರು ಹಾಕಿದ್ದು ನೀವೇ ಅಲ್ವಾ? ಅಷ್ಟು ದಪ್ಪಗೆ?”

ಅವನು ಬ್ರಷ್ ಕಡೆ ನೋಡಿಕೊಂಡ. “ಒಳಗೆ ಬಾ,” ಎಂದ.

ಆ ಸಾಫ್ಟ್‌ವೇರಿಗೆ ಒಂದೇ ಅಕ್ಷರದ ಹೆಸರು, ಆರ್. ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಖಾಲಿ ಹಲಗೆ, ಮಿನುಗುವ ಒಂದು ಗೆರೆ. ನೀವು ಬರೆಯಬೇಕು, ಅದು ಮಾಡಬೇಕು. ಮೊದಲ ಭಾನುವಾರ ನಾನು ಬರೆದದ್ದಕ್ಕೆಲ್ಲ ಅದು ಕೆಂಪಕ್ಷರದಲ್ಲಿ ಬೈಯಿತು. ದೊಡ್ಡಕ್ಷರದಲ್ಲಿ ಬರೆದ ಕಾಲಂ ಹೆಸರನ್ನು ಸಣ್ಣಕ್ಷರದಲ್ಲಿ ಕೇಳಿದರೆ ಅಂಥದ್ದೇನೂ ಇಲ್ಲ ಎನ್ನುತ್ತಿತ್ತು. ಕಣ್ಣೆದುರಿಗೇ ಇದ್ದರೂ ಇಲ್ಲ ಎನ್ನುತ್ತಿತ್ತು.

“ಇದಕ್ಕೆ ಬುದ್ಧಿ ಇಲ್ವಾ?”

“ಇಲ್ಲ. ಅದಕ್ಕೇ ಒಳ್ಳೇದು. ಉಮೇಶ್‌ಗೆ ಬುದ್ಧಿ ಐತೆ, ನೋಡ್ದೆಯಲ್ಲ.”

ಅಬ್ಬಾ ಹಳೇ ಗಿರಾಕಿಯೊಬ್ಬನಿಂದ ಒಂದು ಲ್ಯಾಪ್‌ಟಾಪ್ ತಂದುಕೊಟ್ಟರು. ರೆಕ್ಸಿನ್ ಸುರುಳಿಗಳ ಮೇಲೆ ಹಲಗೆ ಇಟ್ಟು, ಹೊಲಿಗೆ ಯಂತ್ರದ ಸದ್ದಿನಲ್ಲಿ ನಾನು ಕಲಿತೆ. ನನ್ನ ನೋಟ್‌ಬುಕ್ಕಿನಿಂದ ಇಳಿಸಿಕೊಂಡ ಎಂಬತ್ತೇಳು ತೂಕಗಳ ಸರಾಸರಿ ಕೇಳಿದರೆ ಬಂದ ಉತ್ತರ ಎರಡಕ್ಷರ: ಎನ್‌ಎ. ಒಂದು ಮಗುವಿನ ತೂಕ ಎಲ್ಲೋ ಬಿಟ್ಟುಹೋಗಿತ್ತು. ಒಂದು ಗೊತ್ತಿಲ್ಲದಿದ್ದರೆ ಒಟ್ಟೂ ಗೊತ್ತಿಲ್ಲ ಎನ್ನುವ ಅದರ ಹಠ ನನಗೆ ಹಿಡಿಸಿತು. ನೋಟ್‌ಬುಕ್ ತೆಗೆದು ಆ ಮಗುವಿನ ಅಂಕಿ ಹುಡುಕಿ ತುಂಬಿದೆ. ಇನ್ನೊಂದು ಹಿಡಿಸಿದ್ದು ಕಂಸ. ತೆರೆದ ಕಂಸವನ್ನು ಮುಚ್ಚದೆ ಎಂಟರ್ ಒತ್ತಿದರೆ ಅದು ಬೈಯುವುದಿಲ್ಲ. ಮುಂದಿನ ಸಾಲಿನಲ್ಲಿ ಒಂದು ಕೂಡಿಸು ಚಿಹ್ನೆ ಹಾಕಿ ಸುಮ್ಮನೆ ಕಾಯುತ್ತದೆ. ಗಂಟೆಗಟ್ಟಲೆ ಬೇಕಾದರೂ ಕಾಯುತ್ತದೆ. ಇದು ನನ್ನ ಜಾತಿಯದೇ ಅನ್ನಿಸಿತು.

“ಕೈಕು ಇತ್ನಾ ಜೋರಿಂದ ಕುಟ್ತೀಯ?” ಎನ್ನುತ್ತಿದ್ದರು ಅಬ್ಬಾ. “ಅದು ಉಮೇಶನ ತಲೆ ಅಲ್ಲ, ಬೇಟಾ. ಸೆಕೆಂಡ್ ಹ್ಯಾಂಡ್ ಮಾಲು.”

ನಾಲ್ಕನೇ ಭಾನುವಾರ ಕದಿರೇಶ್ ನನಗೊಂದು ಫೈಲು ಕೊಟ್ಟ. ಮಕ್ಕಳ ಹೆಸರಿಲ್ಲ, ನಂಬರು ಮಾತ್ರ; ನಾನು ತೂಗಿದ ಎಂಬತ್ತೇಳು ಸಾಲು, ಪಕ್ಕದಲ್ಲಿ ಉಮೇಶನ ಇಪ್ಪತ್ತೊಂಬತ್ತು.

“ನಿನ್ನ ಬೆವರೇ ಇದು, ಇಟ್ಕೋ. ಆದ್ರೆ ಒಂದು ಮಾತು ಅಜ್ರಾ. ಸೇಡಿಗೆ ಕಲಿಯೋರು ಬೇಗ ಕಲೀತಾರೆ. ಏನ್ ಬೇಕೋ ಅದನ್ನೇ ಕಾಣ್ತಾರೆ, ಅದೊಂದೇ ತೊಂದ್ರೆ.”

ಬೇಕಾದದ್ದು ಕಾಣಲಿಲ್ಲ. ಉಮೇಶನ ಅಂಕಿಗಳ ಬಾಲ ಕತ್ತರಿಸಿ ನಿಲ್ಲಿಸಿದೆ. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದರ ಮೇಲೂ ಎರಡೋ ಮೂರೋ. ಹದವಾಗಿ ಬಿತ್ತಿದ ರಾಗಿಯ ಹಾಗೆ. ಅವನ ಅಂಕಿಯಿಂದ ನನ್ನ ಅಂಕಿಯನ್ನು ಕಳೆದು, ಬಂದ ವ್ಯತ್ಯಾಸವನ್ನು ಚಿತ್ರ ಮಾಡಿದೆ. ಸೊನ್ನೆಯನ್ನು ನಡುವೆ ಇಟ್ಟುಕೊಂಡು ಒಂದು ಚೆಂದದ ಗುಡ್ಡ ಎದ್ದಿತು. ಹದಿನಾಲ್ಕು ಮಕ್ಕಳು ನನ್ನದಕ್ಕಿಂತ ಜಾಸ್ತಿ, ಹದಿನೈದು ಕಮ್ಮಿ.

“ಚೆನ್ನಾಗೇ ಐತಲ್ಲ,” ಎಂದ ಕದಿರೇಶ್, ಚಹಾ ಊದುತ್ತ. “ಅಳತೆ ಅಂದ್ರೆ ಹೀಗೇ ಇರುತ್ತೆ, ಅರ್ಧ ಆಕಡೆ ಅರ್ಧ ಈಕಡೆ. ನಿಜವಾಗೂ ತೂಗಿದಾನೆ ಅನ್ಸುತ್ತೆ ಕಣೇ.”

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಬಸ್ಸಿನಲ್ಲಿ ಕೋಲಾರದವರೆಗೂ ಉಗುರು ಕಚ್ಚಿಕೊಂಡು ಬಂದೆ. ಅವನು ನಿಜವಾಗಿ ತೂಗಿದ್ದಾನೆ ಎನ್ನುವುದಾದರೆ ಆ ಸೆರಗಿನ ಮುಂದೆ ಅವನಿಗೆ ಎಂಟೂ ಆರುನೂರ ಇಪ್ಪತ್ತು ಹೇಗೆ ಕಂಡಿತು? ನಾನು ಹೆಣ್ಣು, ವಾರಗಟ್ಟಲೆ ಅವರ ಜೊತೆ ಕೂತು ಕಡಲೆಕಾಯಿ ಸುಲಿದವಳು. ನನಗೇ ತೋರಿಸದ್ದನ್ನು ಆ ಹೆಂಗಸರು ಜೀಪಿನಿಂದ ಇಳಿದ ಗಂಡಸಿಗೆ ತೋರಿಸಿದರೇ?

ಮಂಗಳವಾರ ಶ್ರೀನಿವಾಸಪುರಕ್ಕೆ ಹೋಗಿ, ಅಲ್ಲಿಂದ ಆಂಧ್ರದ ಗಡಿಯ ಕಡೆ ಹೋಗುವ ಬಸ್ಸು ಹಿಡಿದು ದೊಡ್ಡಬಂಡಪಲ್ಲಿಯಲ್ಲಿ ಇಳಿದೆ. ಮಾವಿನ ತೋಪುಗಳಲ್ಲಿ ಹೂವು ಕಪ್ಪಿಟ್ಟು ಉದುರುತ್ತಿತ್ತು. ವೆಂಕಟರತ್ನಮ್ಮ ಅಂಗನವಾಡಿಯ ಜಗಲಿಯಲ್ಲಿ ಕೂತು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು.

“ಏಮ್ಮಾ ಅಜ್ರಾ! ಎಷ್ಟು ದಿನ ಆಯ್ತು! ಯಾಕೆ ತಲ್ಲಿ ಇಷ್ಟು ಬಡವಾಗಿದೀಯ?” ಎಂದರು. ನಾನು ಬಡವಾಗಿರಲಿಲ್ಲ. ಯಾರನ್ನೂ ದಪ್ಪಗಾಗಿದ್ದೀಯ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ.

ಬೇಳೆಯ ಮೊರದ ಇನ್ನೊಂದು ಬದಿಗೆ ಕೂತು ಕೇಳಿದೆ. “ಟೀಚರ್, ನಾನು ತೂಗಿ ಹೋದ ಮೇಲೆ ಉಮೇಶ್ ಸರ್ ಬಂದಿದ್ರಾ?”

“ಬಂದಿದ್ರು. ಜೀಪಿಂದ ಇಳೀಲೇ ಇಲ್ಲ. ಕಾಫಿ ಅಲ್ಲಿಗೇ ತಗೊಂಡು ಹೋಗಿ ಕೊಟ್ಟೆ. ಮೂರು ಊರಿನ ಕಾಗದಕ್ಕೂ ಇಲ್ಲೇ ಸೈನ್ ಮಾಡಿಸ್ಕೊಂಡು ಹೊರಟೇಬಿಟ್ರು.”

“ಕಾಗದದಲ್ಲಿ ತೂಕ ಬರೆದಿತ್ತಾ?”

ಅವರ ಕೈ ಮೊರದಲ್ಲೇ ನಿಂತಿತು. “ಖಾಲಿ ಇತ್ತಮ್ಮ. ಆಮೇಲೆ ಬರ್ಕೋತೀನಿ ಅಂದ್ರು. ದೊಡ್ಡೋರು, ನಾನೇನ್ ಹೇಳ್ಲಿ?”

“ಇದನ್ನ ಕೋಲಾರದಲ್ಲಿ ಬಂದು ಹೇಳ್ತೀರಾ?”

“ಅಯ್ಯೋ ವದ್ದು ತಲ್ಲಿ, ಬೇಡ. ಖಾಲಿ ಕಾಗದಕ್ಕೆ ಸೈನ್ ಹಾಕಿದ್ದು ನಾನೇ ಅಲ್ವಾ? ಮಾರ್ಚಿಗೆ ರಿಟೈರ್ ಆಗ್ತೀನಿ. ಮೂವತ್ತೊಂದು ವರ್ಷ ಯಾರೂ ನನ್ನ ಕಡೆ ಬೆರಳು ತೋರಿಸಿಲ್ಲ. ನನ್ನ ಹೆಸರು ಮಾತ್ರ ಎತ್ತಬೇಡ, ನಿನ್ನ ಕಾಲಿಗೆ ಬೀಳ್ತೀನಿ.”

ಅವರು ನಿಜವಾಗಿಯೂ ಬಗ್ಗಿದರು. ನಾನು ಅವರ ಕೈ ಹಿಡಿದೆ. ಎತ್ತುವುದಿಲ್ಲ ಎಂದೆ. ಹೇಳುವಾಗ ನನಗೆ ಕರುಣೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಕೈಗೆ ಬಂದ ಕತ್ತಿಯನ್ನು ನಾನೇ ಬಾವಿಗೆ ಹಾಕಿದ ಹಾಗಾಗಿತ್ತು.

ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ. “ಸೆರಗಿನೊಳಗೆ ಎಂಟೂ ಒಂಬೈನೂರು ಕಂಡ್ರೆ ನೀವು ಎಷ್ಟು ಅಂತಿದ್ರಿ? ಒಂಬತ್ತು ತಾನೇ?”

“ಎಂಟೂವರೆ.”

“ಒಂಬತ್ತೇ ಹತ್ರ ಅಲ್ವಾ?”

“ಹತ್ರ ಆದ್ರೇನು? ಮಗು ತೂಕ ಇರೋದಕ್ಕಿಂತ ಜಾಸ್ತಿ ಹೇಳ್ತಾರೇನೇ ಯಾರಾದ್ರೂ?” ಅವರು ಕಣ್ಣೊರೆಸಿಕೊಳ್ಳುತ್ತಲೇ ನನ್ನನ್ನು ದಡ್ಡಿಯ ಹಾಗೆ ನೋಡಿದರು. “ಯಾವಾಗ್ಲೂ ಕೆಳಗಿನ ಅರ್ಧ. ದುಂಡಗಿರೋ ಮಗುವಾದ್ರೆ ಅದರಲ್ಲೂ ಇನ್ನರ್ಧ ತೆಗೀತೀನಿ. ಜಾಸ್ತಿ ಹೇಳಿದ್ದು ಒಂದು ಸಲಾನೂ ಇಲ್ಲ, ದೇವರಾಣೆ.”

ನಾನು ಬೇಳೆಯ ಮೊರವನ್ನೇ ನೋಡುತ್ತಿದ್ದೆ. ಕಂಡದ್ದು ಮಾತ್ರ ಆ ಗುಡ್ಡ. ನನ್ನ ಅಂಕಿಗಳು ಹತ್ತಿರದ ಅರ್ಧವಲ್ಲ. ಎಂಬತ್ತೇಳಕ್ಕೆ ಎಂಬತ್ತೇಳೂ ನಿಜಕ್ಕಿಂತ ಕೆಳಗೆ. ಹಾಗಾದರೆ ಆ ಮಕ್ಕಳನ್ನು ಯಾರೇ ನಿಜವಾಗಿ ತೂಗಿದರೂ ಅವನ ಅಂಕಿ ನನ್ನದಕ್ಕಿಂತ ಮೇಲೇ ಬರಬೇಕು. ಗುಡ್ಡ ಸೊನ್ನೆಯ ಬಲಕ್ಕೆ ಸರಿದು ನಿಲ್ಲಬೇಕು. ಉಮೇಶನ ಗುಡ್ಡ ಸೊನ್ನೆಯ ಮೇಲೆಯೇ ಕೂತಿತ್ತು. ಅವನು ಕೋಲಾರದಲ್ಲಿ ಫ್ಯಾನಿನ ಕೆಳಗೆ ಕೂತು, ನನ್ನ ಕಾಲಂ ನೋಡುತ್ತ, ಒಂದಕ್ಕೆ ಇಷ್ಟು ಕೂಡಿಸಿ, ಒಂದರಿಂದ ಇಷ್ಟು ಕಳೆದು ಬರೆದಿದ್ದ. ಅಂಕಿಗಳನ್ನು ಹದವಾಗಿ ಬಿತ್ತುವುದು ಅವನಿಗೆ ಗೊತ್ತಿತ್ತು. ಸೆರಗಿನ ವಿಷಯ ಗೊತ್ತಿರಲಿಲ್ಲ. ಜೀಪಿನಿಂದ ಇಳಿದಿದ್ದರೆ ಗೊತ್ತಾಗುತ್ತಿತ್ತು.

ನಾನು ಗಟ್ಟಿಯಾಗಿ ನಕ್ಕೆ. ವೆಂಕಟರತ್ನಮ್ಮ ಹೆದರಿ ನನ್ನ ತಲೆಯ ಸುತ್ತ ಒಂದು ಹಿಡಿ ಉಪ್ಪು ನಿವಾಳಿಸಿದರು.

ಟೀಚರ ಬಾಯಿಯ ಸಾಕ್ಷಿ ಇಲ್ಲ. ಹಾಗಾದರೆ ನಿಜವಾದ ತೂಕ ಬೇರೆ ಕಡೆಯಿಂದ ಬರಬೇಕು. ಅದು ಪ್ರತಿ ಮನೆಯ ಟ್ರಂಕಿನಲ್ಲೂ ಇತ್ತು: ತಾಯಿ ಕಾರ್ಡು. ಲಸಿಕೆಗೆ ಬರುವ ನರ್ಸಮ್ಮ ಸೆರಗಿಗೂ ದೃಷ್ಟಿಗೂ ಸೊಪ್ಪು ಹಾಕುವವಳಲ್ಲ. ತೂಗುತ್ತಾಳೆ, ಕಂಡದ್ದನ್ನು ಕಾರ್ಡಿನಲ್ಲಿ ಗೀಚುತ್ತಾಳೆ, ಬಾಯಲ್ಲಿ ಹೇಳುವುದಿಲ್ಲ. ಹೇಳದೆ ಬರೆದದ್ದಕ್ಕೆ ಯಾರ ತಕರಾರೂ ಇರಲಿಲ್ಲ. ಎರಡು ದಿನ ಮೂರು ಹಳ್ಳಿ ಸುತ್ತಿ, ನನ್ನ ಅಳತೆಯ ಹತ್ತು ದಿನದೊಳಗೆ ಲಸಿಕೆ ಹಾಕಿಸಿಕೊಂಡ ಮಕ್ಕಳ ಕಾರ್ಡುಗಳ ಫೋಟೋ ತೆಗೆದೆ. ಒಂದನ್ನು ಇಲಿ ಕಡಿದಿತ್ತು, ಎರಡರ ಮೇಲೆ ಹರಳೆಣ್ಣೆ ಚೆಲ್ಲಿತ್ತು. ಓದಲು ಸಿಕ್ಕಿದ್ದು ಹತ್ತೊಂಬತ್ತು.

ಮುಂದಿನ ಭಾನುವಾರ ಮಾಲೂರಿನಲ್ಲಿ ಆ ಹತ್ತೊಂಬತ್ತನ್ನೂ ನೋಟ್‌ಬುಕ್ ನೋಡಿ ಆಯಾ ಮಗುವಿನ ನಂಬರಿಗೆ ಸೇರಿಸಿ ಎಂಟರ್ ಒತ್ತಿದೆ. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ನನ್ನದಕ್ಕಿಂತ ಜಾಸ್ತಿ.

ಟೀಚರ ವಿಷಯವನ್ನು ಗುಟ್ಟಾಗಿ ಕದಿರೇಶನೊಬ್ಬನಿಗೆ ಹೇಳಿದ್ದೆ. ಅವನು ಲೋಟ ಕೆಳಗಿಟ್ಟ. “ನಾಣ್ಯ ಹತ್ತೊಂಬತ್ತು ಸಲ ಎಸೆದು ಹತ್ತೊಂಬತ್ತು ಸಲಾನೂ ತಲೆ ಬಿದ್ದ ಹಾಗೆ. ಸತ್ತ ಅವನು.” ಆಮೇಲೆ ನನ್ನ ಕಡೆ ತಿರುಗಿದ. “ಆದ್ರೆ ನೀನೂ ಸತ್ತೆ ಕಣೇ. ಟೀಚರ್ ಹೆಸರು ಹೇಳ್ದಿದ್ರೆ ಈ ಕಾರ್ಡುಗಳು ನಿನ್ನ ಅಂಕಿಯೂ ಸುಳ್ಳು ಅಂತ ಹೇಳ್ತವೆ. ಮೇಡಂ ಹೆಂಗ್ ಬರೆದೆ ಅಂತ ಕೇಳೇ ಕೇಳ್ತಾರೆ. ಏನಂತೀಯ?”

ಅದನ್ನು ನಾನು ಬಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಹೆಸರು ತೊಳೆದುಕೊಳ್ಳುವುದೂ ಅವನನ್ನು ಬೀಳಿಸುವುದೂ ಇನ್ನು ಒಂದೇ ದಾರಿಯಲ್ಲಿರಲಿಲ್ಲ. ಒಂದನ್ನು ಆರಿಸಿಕೊಳ್ಳಬೇಕಿತ್ತು. ಆರಿಸಿಕೊಳ್ಳಲು ನನಗೆ ಮುಳಬಾಗಿಲಿನವರೆಗೆ ಹೋಗುವಷ್ಟು ಹೊತ್ತೂ ಬೇಕಾಗಲಿಲ್ಲ.

ಯಾವುದನ್ನು ಆರಿಸಿಕೊಂಡೆ ಎಂದು ಅಬ್ಬಾನಿಗೆ ಮಾತ್ರ ಹೇಳಿದೆ.

“ಕೆಲಸ ವಾಪಸ್ ಸಿಗ್ತದಾ?”

“ಇಲ್ಲ.”

“ಹೆಸರು?”

“ಅದೂ ಇಲ್ಲ. ಅವನದು ಹೋಗ್ತದೆ.”

ಅಬ್ಬಾ ದಾರ ಕಚ್ಚಿ ತುಂಡು ಮಾಡಿದರು. “ಹೌ,” ಎಂದರು. “ಅದೂ ಒಂದು ಕೆಲಸಾನೇ.”

ಅಂತಿಮ ವರದಿಗೆ ಮುಂಚೆ ಎಲ್ಲ ಅಂಕಿಗಳನ್ನೂ ಒಮ್ಮೆ ಪರೀಕ್ಷಿಸುವ ಸಭೆ ಇತ್ತು. ತನಗೆ ಕೊಟ್ಟ ಹೊತ್ತಿನಲ್ಲಿ ಹತ್ತು ನಿಮಿಷವನ್ನು ಕದಿರೇಶ್ ನನಗೆ ಬಿಟ್ಟುಕೊಡಲು ಶಾಮಲಮ್ಮ ಒಪ್ಪಿದರು. ಯಾಕೆ ಒಪ್ಪಿದರೋ. ನಾನು ಒಳಗೆ ಬಂದಾಗ ಉಮೇಶ್, “ಏನಮ್ಮಾ, ಗಾಳಿ ಯಾವ ಕಡೆ ಬೀಸ್ತು?” ಎಂದ. ಈ ಸಲ ನಕ್ಕವರು ಇಬ್ಬರೇ.

ನಾನು ಮೊದಲೇ ಮಾಡಿಟ್ಟ ಚಿತ್ರ ತಂದಿರಲಿಲ್ಲ. ಎಲ್ಲರ ಮುಂದೆಯೇ ಒಂದೊಂದು ಸಾಲು ಬರೆಯುತ್ತ ಹೋದೆ. ಮೊದಲು ನನ್ನ ಎಂಬತ್ತೇಳು. ಆಮೇಲೆ ಹತ್ತೊಂಬತ್ತು ಕಾರ್ಡು. ಕಾರ್ಡಿನಿಂದ ನನ್ನದನ್ನು ಕಳೆದೆ. ಗುಡ್ಡ ಎದ್ದಿತು, ಸೊನ್ನೆಯ ಬಲಕ್ಕೆ, ಪೂರಾ ಬಲಕ್ಕೆ.

“ನಾನು ಬರೆದ ತೂಕ ಎಲ್ಲಾ ನಿಜಕ್ಕಿಂತ ಕಮ್ಮಿ ಮೇಡಂ. ಒಂದೂ ಸರಿ ಇಲ್ಲ.”

ಉಮೇಶ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. “ನಾನು ಆವತ್ತೇ ಹೇಳಿದ್ನಲ್ಲ! ಇದನ್ನ ಹೇಳೋಕೆ ಇಷ್ಟು ಓದ್ಬೇಕಾಗಿತ್ತಾ?”

“ಸರ್, ನೀವು ಇಪ್ಪತ್ತೊಂಬತ್ತನ್ನೂ ಕೈಯಾರೆ ತೂಗಿದ್ರಿ ಅಲ್ವಾ?”

“ಮತ್ತಿನ್ಯಾರು ತೂಗ್ತಾರೆ?”

“ಪರದೆ ನೀವೇ ನೋಡಿದ್ರಾ?”

“ನನ್ನ ಈ ಎರಡು ಕಣ್ಣಿಂದ. ನಿನ್ನ ಹಾಗಲ್ಲ.”

“ಹಾಗಾದ್ರೆ ನಿಮ್ಮದು ನಿಜವಾದ ತೂಕ.”

“ಬರ್ಕೋ.”

ಬರೆದುಕೊಂಡೆ. ಅವನ ಅಂಕಿಯಿಂದ ನನ್ನದನ್ನು ಕಳೆಯುವ ಸಾಲು. ಎಂಟರ್ ಒತ್ತುವ ಮೊದಲು ಒಂದು ಉಸಿರು ಎಳೆದುಕೊಂಡೆ. ಹೆದರಿಕೆಯಿಂದ ಅಲ್ಲ. ರುಚಿಗೆ.

ಎರಡು ಗುಡ್ಡ ಒಂದರ ಕೆಳಗೊಂದು ನಿಂತವು. ಮೇಲಿನದು ಬಲಕ್ಕೆ, ಕೆಳಗಿನದು ಸೊನ್ನೆಯ ನೆತ್ತಿಯ ಮೇಲೆ.

“ನಿಜವಾದ ತೂಕ ಯಾವಾಗ್ಲೂ ನನ್ನದಕ್ಕಿಂತ ಜಾಸ್ತಿ ಇರಬೇಕು. ಇವರದು ಹದಿನೈದು ಮಕ್ಕಳಲ್ಲಿ ನನ್ನದಕ್ಕಿಂತಲೂ ಕಮ್ಮಿ. ಆ ಹದಿನೈದರಲ್ಲಿ ಆರು ಮಕ್ಕಳ ಕಾರ್ಡೂ ಇದೆ. ನಲವತ್ತೊಂದನೇ ಮಗು. ನರ್ಸಮ್ಮ ತೂಗಿದಾಗ ಒಂಬತ್ತೂ ನಾನೂರು. ನಾನು ಬರೆದದ್ದು ಎಂಟೂವರೆ. ನರ್ಸಮ್ಮ ತೂಗಿ ಮೂರು ದಿನಕ್ಕೆ ಉಮೇಶ್ ಸರ್ ತೂಗಿದ್ರು, ಎಂಟೂ ಮುನ್ನೂರ ಎಪ್ಪತ್ತು. ಮೂರು ದಿನದಲ್ಲಿ ಒಂದು ಕೇಜಿ ಎಲ್ಲಿಗೆ ಹೋಯ್ತು ಅಂತ ಅವರೇ ಹೇಳ್ಬೇಕು.”

ಶಾಮಲಮ್ಮ ಕನ್ನಡಕ ತೆಗೆದು ಗೋಡೆಯ ಹತ್ತಿರಕ್ಕೆ ನಡೆದರು. ಎರಡು ಗುಡ್ಡಗಳನ್ನೂ ಹೊತ್ತು ತೆಗೆದುಕೊಂಡು ನೋಡಿದರು. “ಆ ಮಗೂನ ಎಲ್ಲಿ ತೂಗಿದ್ರಿ ಉಮೇಶ್?”

“ಭೇದಿ ಆಗಿರಬಹುದು ಮೇಡಂ, ಮಕ್ಕಳಲ್ವಾ...”

“ಆರು ಮಕ್ಕಳಿಗೂ?”

ಅವನ ಕಣ್ಣು ಸುತ್ತ ಹುಡುಕಿತು. “ಟೀಚರ್ ಸೈನ್ ಇದೆ ಮೇಡಂ. ವೆಂಕಟರತ್ನಮ್ಮ. ಫೋನ್ ಮಾಡಿ ಕೇಳಿ, ಸ್ಪೀಕರ್‌ಗೆ ಹಾಕಿ. ಇವಳು ಹೆಂಗೆ ಬರೀತಿದ್ಲು ಅಂತಾನೂ ಅವರೇ ಹೇಳ್ಲಿ.”

ಶಾಮಲಮ್ಮ ಫೋನ್ ಕೈಗೆ ತೆಗೆದುಕೊಂಡರು. ಅತ್ತ ಕಡೆಯಿಂದ ವೆಂಕಟರತ್ನಮ್ಮ ಮಾತಾಡಿದರೆ ಸೆರಗಿನ ಕತೆ ಹೊರಬರುತ್ತಿತ್ತು. ನಾನು ಸುಳ್ಳುಗಾತಿಯಲ್ಲ, ಬರೀ ಮಾತು ಕೇಳಿದವಳು ಎಂದಾಗುತ್ತಿತ್ತು. ಅರ್ಧವಾದರೂ ತೊಳೆದುಕೊಂಡು ಹೊರಗೆ ಹೋಗಬಹುದಿತ್ತು. ಮೂವತ್ತೊಂದು ವರ್ಷದ ಒಬ್ಬ ಹೆಂಗಸು ಖಾಲಿ ಕಾಗದಕ್ಕೆ ಸಹಿ ಮಾಡಿದ್ದೂ ಅದೇ ಸ್ಪೀಕರಿನಿಂದ ಹೊರಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಗದ್ದಲದಲ್ಲಿ ಉಮೇಶ್ ಮೂವರಲ್ಲಿ ಒಬ್ಬನಾಗಿ ನುಸುಳಿಕೊಳ್ಳುತ್ತಿದ್ದ. ಅವನು ಒಬ್ಬನೇ ಇರಬೇಕು, ಅವನ ಜೊತೆ ಹೆಚ್ಚೆಂದರೆ ನಾನು.

“ಫೋನ್ ಬೇಡ ಮೇಡಂ. ನಾನು ಪರದೆ ನೋಡಿ ಬರೆದಿಲ್ಲ.”

“ಮತ್ತೆ ಹೇಗೆ ಬರೆದೆ?”

“ಅಂದಾಜಿಗೆ.”

ಹಾಲಿನಲ್ಲಿ ಯಾರೋ ಉಸಿರು ಬಿಟ್ಟರು. ಕದಿರೇಶ್ ಹಣೆ ಒತ್ತಿಕೊಂಡ.

ಶಾಮಲಮ್ಮ ನನ್ನನ್ನು ದಿಟ್ಟಿಸಿದರು. ಅವರೂ ಇದೇ ಸೀಮೆಯವರು. “ಅಂದಾಜು ಆದ್ರೆ ಅರ್ಧ ಜಾಸ್ತಿ ಅರ್ಧ ಕಮ್ಮಿ ಆಗಬೇಕಿತ್ತು. ಯಾವಾಗ್ಲೂ ಕಮ್ಮೀನೇ ಯಾಕಾಯ್ತು?”

“ನನ್ನ ಕಣ್ಣಿಗೆ ಮಕ್ಕಳು ಸಣ್ಣಗೆ ಕಂಡ್ವು ಮೇಡಂ. ಬರೆದು ಸೈನ್ ಹಾಕಿಕೊಡ್ತೀನಿ. ಅವರೂ ಬರೆದುಕೊಡ್ಲಿ.”

ಅವರು ಫೋನನ್ನು ಮೇಜಿನ ಮೇಲೆ ಕವುಚಿಟ್ಟರು. “ಟೀಚರ್ ಸೈನ್ ನೀವು ಊರಿಗೆ ಹೋಗಿದ್ರಿ ಅನ್ನುತ್ತೆ ಉಮೇಶ್. ತೂಗಿದ್ರಿ ಅಂತ ಈ ಅಂಕಿಗಳು ಅನ್ನಲ್ಲ. ಇಬ್ಬರೂ ಪಕ್ಕದ ರೂಮಿಗೆ ಹೋಗಿ ಬರೆದು ತನ್ನಿ. ಈ ಮೂರು ಹಳ್ಳಿ ವರದಿಯಲ್ಲಿ ಇರಲ್ಲ. ಕದಿರೇಶ್, ತೆಗೆದುಬಿಡಿ.”

ಕದಿರೇಶ್ ಕೈ ಚಾಚಲಿಲ್ಲ. ಲ್ಯಾಪ್‌ಟಾಪ್ ನನ್ನ ಮುಂದೆಯೇ ಇತ್ತು. ನಾನೇ ಬರೆದೆ. ಎಂಬತ್ತೇಳು ಸಾಲು, ಅವುಗಳ ಪಕ್ಕ ಇಪ್ಪತ್ತೊಂಬತ್ತು. ಕಲ್ಲುಬಂಡೆ ಏರಿ, ನಾಯಿಗಳಿಂದ ತಪ್ಪಿಸಿಕೊಂಡು, ಒಂದೊಂದು ಮಗುವನ್ನೂ ಜೋಲಿಗೆ ಹಾಕಿ ತೆಗೆದ ನನ್ನ ಏಳು ವಾರ ಒಂದು ಸಾಲಿಗೆ ಹೋಯಿತು. ಅವನ ಒಂದು ಮಧ್ಯಾಹ್ನವೂ ಹೋಯಿತು. ನನಗೆ ಸಂತೋಷವಾಯಿತು. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕುವ ಅಗತ್ಯ ನನಗೆ ಕಾಣಲಿಲ್ಲ.

ಪಕ್ಕದ ಕೋಣೆಯಲ್ಲಿ ಒಂದೇ ಮೇಜು. ನನ್ನದು ನಾಲ್ಕು ಸಾಲಿನಲ್ಲಿ ಮುಗಿಯಿತು. ಉಮೇಶ್ ಬಿಳಿ ಹಾಳೆಯ ಮುಂದೆ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ.

“ನೋಡಮ್ಮಾ ಅಜ್ರಾ,” ಎಂದ ಸಣ್ಣ ದನಿಯಲ್ಲಿ. “ನಾನೂ ಏನೋ ಮಾತಿಗೆ ಅಂದೆ ಆವತ್ತು. ಏಪ್ರಿಲ್‌ನಲ್ಲಿ ಇನ್ನೊಂದು ಪ್ರಾಜೆಕ್ಟ್ ಬರುತ್ತೆ. ನಿನ್ನ ಹೆಸರು ಮೊದಲು ಹಾಕ್ತೀನಿ. ಮೇಡಂಗೆ ಹೇಳು, ಕಾರ್ಡು ಓದೋದ್ರಲ್ಲಿ ತಪ್ಪಾಯ್ತು ಅಂತ.”

“ಬರೀರಿ ಸರ್. ‘ಉಮೇಶ್ ಎಂಬ ನಾನು.’”

ಅವನು ನನ್ನ ಮುಖ ನೋಡಿದ. ಆಮೇಲೆ ಬರೆದ. ಎರಡನೇ ಸಾಲಿಗೆ ಬಂದಾಗ ಬಗ್ಗಿ ನೋಡಿದೆ. ‘ಕೆಲವು ಮಕ್ಕಳನ್ನು’ ಎಂದಿತ್ತು.

“ಕೆಲವು ಅಲ್ಲ ಸರ್. ಇಪ್ಪತ್ತೊಂಬತ್ತು. ಅಂಕಿಯಲ್ಲೂ ಬರೀರಿ, ಅಕ್ಷರದಲ್ಲೂ ಬರೀರಿ.”

ಹೊಡೆದು ಹಾಕಿ ಬರೆದ. ಹಳ್ಳಿಗಳ ಹೆಸರು ಅವನಿಗೆ ನೆನಪಿರಲಿಲ್ಲ. ಮೂರನ್ನೂ ಹೇಳಿದೆ. ದಿನಾಂಕ ಗೊತ್ತಿರಲಿಲ್ಲ. ಅದನ್ನೂ ಹೇಳಿದೆ.

“ಕಾರಣ?” ಎಂದ, ತಲೆ ಎತ್ತದೆ. “ಕಾರಣ ಏನಂತ ಬರೀಲಿ?”

“ಅದು ನನ್ನ ಡೇಟಾದಲ್ಲಿ ಇಲ್ಲ ಸರ್. ನೀವೇ ಹೇಳ್ಬೇಕು.”

ಅವನು ಪೆನ್ನು ಹಿಡಿದು ಹಾಗೆಯೇ ಕೂತ. ನಾನು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತೆ. ಮುಳಬಾಗಿಲಿಗೆ ಅರ್ಧ ಗಂಟೆಗೊಂದು ಬಸ್ಸಿತ್ತು.